ಶೆಟ್ಟಿಹಳ್ಳಿ ಚರ್ಚು ಬೇಲೂರಿನಷ್ಟು ಹಳೇದಾ?

ಪ್ರಶ್ನೆ: ಮೊನ್ನೆ ಮನೆಯವರೆಲ್ಲ ಶೆಟ್ಟಿಹಳ್ಳಿ ಮುಳುಗಡೆ ಚರ್ಚ್ ನೋಡ್ಕೊಂಡು ಬಂದ್ವಿ. ಅದು ಗೋಥಿಕ್ ಶೈಲಿ (ಯುರೋಪಿನ ಹಳೇ ಚರ್ಚುಗಳ ಚೂಪು ಕಮಾನಿನ ಶೈಲಿ) ಅಂತಾರೆ, ಹಾಗಾದ್ರೆ ಬೇಲೂರು ದೇವಸ್ಥಾನದ ಕಾಲದ್ದಾ? ಆಗ ಯುರೋಪಿನಲ್ಲಿ ಹಳ್ಳಿ ಚರ್ಚುಗಳನ್ನ ರಾಜರೇ ಕಟ್ಟಿಸ್ತಿದ್ರಾ?
(ಓದುಗರೊಬ್ಬರು, ಹಾಸನ)

ಉತ್ತರ: ಇಲ್ಲ, ಶೆಟ್ಟಿಹಳ್ಳೀದು 1860ರ ಸುಮಾರಿಗೆ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು, ಗೊರೂರಲ್ಲಿ ಹೇಮಾವತಿ ಡ್ಯಾಮ್ ಆದ್ಮೇಲೆ ಮಳೆಗಾಲದಲ್ಲಿ ಮುಳುಗೋದು ಶುರುವಾಯ್ತು. ಆದ್ರೆ ಆ ಶೈಲಿ ಇದ್ಯಲ್ಲ, ಅದು ನಿಜವಾಗ್ಲೂ ಬೇಲೂರಿನ ಓರಗೆಯದೇ. ಚೆನ್ನಕೇಶವನ ಪ್ರತಿಷ್ಠೆ 1117ರಲ್ಲಿ, ಗೋಥಿಕ್ ಮೊದಲು ರೂಪ ತಗೊಂಡಿತು ಅಂತಾರಲ್ಲ ಪ್ಯಾರಿಸ್ ಹತ್ರದ ಸೇಂಟ್ ಡೆನಿ ಚರ್ಚು, ಅದರ ಹೊಸ ಪೂರ್ವಭಾಗ ಮುಗಿದಿದ್ದು 1144ರಲ್ಲಿ.

ಎರಡೂ ಕಡೆ ಲೆಕ್ಕಾಚಾರ ಮಾತ್ರ ಬೇರೆ. ನಮ್ಮವರು ಕಂಬ ನಿಲ್ಸಿ ಮೇಲೆ ತೊಲೆ ಇಟ್ರು, ಭಾರ ನೇರ ಕೆಳಗಿಳೀತದೆ. ಅವರು ಕಮಾನು ಕಟ್ಟಿದ್ರು, ಕಮಾನು ಗೋಡೆಯನ್ನ ಪಕ್ಕಕ್ಕೆ ತಳ್ತದೆ, ತುದಿ ಚೂಪಾದ್ರೆ ಆ ತಳ್ಳಾಟ ಕಮ್ಮಿ, ಅದಕ್ಕೇ ಗೋಡೆ ಎತ್ತರಕ್ಕೆ ಹೋಗಿ ದೊಡ್ಡ ಕಿಟಕಿ ಇಡೋಕಾಯ್ತು. ಶೆಟ್ಟಿಹಳ್ಳೀಲಿ ನೀವು ನೋಡಿದ ಚೂಪು ಕಮಾನಿನ ಗುಟ್ಟು ಇದೇ.

ರಾಜರ ವಿಚಾರ ಕೇಳಿದ್ರಲ್ಲ, ನನಗೆ ಬಹಳ ಇಷ್ಟವಾದ ಸಂಗತಿ ಇದು. ಇಂಗ್ಲೆಂಡಿನ ಹಳ್ಳಿ ಚರ್ಚುಗಳಲ್ಲಿ ಎಷ್ಟೋ ಊರ ಜಮೀನ್ದಾರರು ಶುರು ಮಾಡಿದ್ದು, ಆಮೇಲೆ ನೋಡ್ಕೊಂಡಿದ್ದು ಊರಿನವರೇ. 13ನೇ ಶತಮಾನದ ಹೊತ್ತಿಗೆ ಅಲ್ಲಿ ಒಂದು ವಾಡಿಕೆ ಗಟ್ಟಿಯಾಗಿತ್ತು: ಪೂರ್ವದಲ್ಲಿ ಪೂಜೆ ನಡೆಯೋ ಜಾಗ, ನಮ್ಮ ಗರ್ಭಗುಡಿ ಇದ್ದಹಾಗೆ ಅನ್ಕೊಳ್ಳಿ, ಅದರ ರಿಪೇರಿ ಪಾದ್ರಿದು, ಜನ ಸೇರೋ ಉದ್ದ ಹಜಾರದ್ದು ಊರಿನವರದು. ಪಾದ್ರಿಗೆ ಬೆಳೇಲಿ ಹತ್ತರಲ್ಲಿ ಒಂದು ಪಾಲು ಹೋಗ್ತಿತ್ತು, ಊರಿನವರು ಹಜಾರಕ್ಕೆ ದುಡ್ಡು ಎಲ್ಲಿಂದ ತರ್ಬೇಕು? ಎಲ್ಲ ಸೇರಿ ಬಾರ್ಲಿ ಬಿಯರ್ ಕಾಯ್ಸಿ, ಹಬ್ಬ ಮಾಡಿ, ಮಾರಿ ಬಂದಿದ್ದನ್ನ ಚರ್ಚಿಗೆ ಹಾಕ್ತಿದ್ರು. ಒಳ್ಳೆ ಫಸಲು ಬಂದ ಕಾಲಕ್ಕೆ ಗೋಪುರ, ಇನ್ನೊಂದು ತಲೆಮಾರಿಗೆ ಹೊಸ ಕಿಟಕಿ, ಹೀಗೆ ಇನ್ನೂರು ಮುನ್ನೂರು ವರ್ಷ ಕಟ್ಟಡ ಬೆಳೀತಾನೇ ಇರ್ತಿತ್ತು, ಹಾಗಾಗಿ ಎಷ್ಟೋ ಚರ್ಚುಗಳಲ್ಲಿ ಪಾದ್ರಿ ಕಡೆ ಭಾಗ ತಗ್ಗು, ಊರಿನವರ ಹಜಾರ ಎತ್ತರ, ಎರಡು ಸೇರೋ ಕಡೆ ಗೋಡೇಲಿ ಬೆಸುಗೆ ಇವತ್ತಿಗೂ ಕಾಣ್ತದೆ.