ಫಿನಾಯಿಲ್ ಹಾಕಿ ಒರೆಸಿದರೂ ವಾಂತಿಭೇದಿ ಮನೆಗೆಲ್ಲ ಹರಡಿದ್ದು ಹೇಗೆ?

ಹಾಸನದಲ್ಲಿ ನಿಮ್ಮ ಯುಕೆಜಿ ಮಗನಿಗೆ ರಾತ್ರಿ ವಾಂತಿ ಆಯಿತು. ಕೂಡಲೇ ಫಿನಾಯಿಲ್ ಹಾಕಿ ನೆಲ ಒರೆಸಿದಿರಿ. ಎರಡು ದಿನ ಬಿಟ್ಟು ನಿಮಗೂ ಅತ್ತೆಗೂ ಶುರುವಾಯಿತು. ವೈರಸ್ ನೆಲದ ಮೇಲೆ ಎಷ್ಟು ದಿನ ಇರುತ್ತದೆ ಅಂತ ಕೇಳಿದ್ದೀರಿ.

ನಾನು ಮೈಕ್ರೋಬಯಾಲಜಿ ಓದಿದವಳು. ಈಗ ಚಿಕ್ಕಮಗಳೂರಿನ ಹತ್ತಿರ ಹೋಂಸ್ಟೇ ನೋಡಿಕೊಳ್ಳುತ್ತೇನೆ. ಘಾಟಿಯ ತಿರುವುಗಳಲ್ಲಿ ತಲೆಸುತ್ತಿ ವಾಂತಿ ಮಾಡಿಕೊಂಡು ಬರುವ ಮಕ್ಕಳು ಇಲ್ಲಿ ಮಾಮೂಲು. ಯಾವುದು ಪ್ರಯಾಣದ ವಾಂತಿ, ಯಾವುದು ವೈರಸ್‌ನದು ಅಂತ ನೋಡಿ ಹೇಳಲು ಆಗುವುದಿಲ್ಲ. ಹಾಗಾಗಿ ಎಲ್ಲವನ್ನೂ ಒಂದೇ ಥರ ತೊಳೆಯುತ್ತೇವೆ.

ಟೆಸ್ಟ್ ಮಾಡದೆ ಖಚಿತವಾಗಿ ಹೇಳಲಾಗದು. ಆದರೆ ನಿಮ್ಮ ಕಥೆ ಕೇಳಿದರೆ ನೊರೊವೈರಸ್ ನೆನಪಾಗುತ್ತದೆ. ಅದು ಮೈಗೆ ಹೊಕ್ಕ ಮೇಲೆ 12ರಿಂದ 48 ಗಂಟೆಯಲ್ಲಿ ವಾಂತಿ ಶುರುವಾಗುತ್ತದೆ. ಮನೆಯ ವಸ್ತುಗಳ ಮೇಲೆ ಅದು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಉಳಿಯುತ್ತದೆ. ತಂಪಿದ್ದರೆ ಇನ್ನೂ ಜಾಸ್ತಿ. ಕೊರೊನಾ ವೈರಸ್‌ಗೆ ಕೊಬ್ಬಿನ ಹೊದಿಕೆ ಇದೆ, ಸ್ಯಾನಿಟೈಸರ್ ಅದನ್ನು ಒಡೆಯುತ್ತದೆ. ನೊರೊಗೆ ಆ ಹೊದಿಕೆಯೇ ಇಲ್ಲ, ಬರೀ ಗಟ್ಟಿ ಪ್ರೋಟೀನ್ ಚಿಪ್ಪು. ಅದಕ್ಕೇ ಸ್ಯಾನಿಟೈಸರ್ ಇದರ ಮೇಲೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಫಿನಾಯಿಲ್ ಕೂಡ ನಂಬುವ ಹಾಗಿಲ್ಲ. ಘಮ ಬಂದರೆ ಮನಸ್ಸಿಗೆ ಸಮಾಧಾನ, ಅಷ್ಟೇ.

ಇನ್ನೊಂದು ವಿಷಯ, ಇದು ಬರೀ ನೆಲದ ಮಾತಲ್ಲ. 2010ರಲ್ಲಿ ಅಮೆರಿಕದ ಆರೆಗಾನ್‌ನ ಹುಡುಗಿಯರ ಫುಟ್‌ಬಾಲ್ ತಂಡವೊಂದು ಪಂದ್ಯಕ್ಕೆ ಹೋಗಿ ಹೋಟೆಲಿನಲ್ಲಿ ಉಳಿದಿತ್ತು. ಒಬ್ಬಳಿಗೆ ಬಾತ್‌ರೂಮಿನಲ್ಲಿ ವಾಂತಿಯಾಯಿತು. ತಿಂಡಿ ತುಂಬಿದ ಚೀಲವೊಂದು ಅಲ್ಲೇ ಇತ್ತು. ಅವಳು ಅದನ್ನು ಮುಟ್ಟಿರಲೇ ಇಲ್ಲ. ಆದರೂ ಆ ಚೀಲದ ತಿಂಡಿ ತಿಂದವರು ಕಾಯಿಲೆ ಬಿದ್ದರು. ವಾಂತಿಯಾಗುವಾಗ ಕಣ್ಣಿಗೆ ಕಾಣದ ಹನಿಗಳು ಗಾಳಿಗೆ ಹಾರಿ ಸುತ್ತ ಇದ್ದದ್ದರ ಮೇಲೆಲ್ಲ ಕೂರುತ್ತವೆ. ಮತ್ತೊಂದು ಪ್ರಯೋಗದಲ್ಲಿ, ವೈರಸ್ ಹತ್ತಿದ ಬೆರಳು ಒಂದರ ಹಿಂದೆ ಒಂದು ಏಳು ಶುಭ್ರ ಜಾಗಗಳಿಗೆ ಅದನ್ನು ದಾಟಿಸಿತ್ತು. ಸುಮಾರು 10ರಿಂದ 100 ವೈರಸ್ ಕಣ ಹೊಟ್ಟೆಗೆ ಹೋದರೂ ಸಾಕು, ಕಾಯಿಲೆ ಬರುತ್ತದೆ.

ನನ್ನ ಅನುಮಾನ ಮುಖ್ಯವಾಗಿ ಒರೆಸುವ ಬಟ್ಟೆಯ ಮೇಲೆ. ವಾಂತಿ ಒರೆಸಿದ ಬಟ್ಟೆಯಲ್ಲೇ ಹಾಲ್, ಆಮೇಲೆ ಅಡುಗೆಮನೆ ಒರೆಸಿದರೆ ವೈರಸ್ಸನ್ನು ನಾವೇ ಮನೆ ತುಂಬ ಬಳಿದಂತೆ ಆಗುತ್ತದೆ. ನಮ್ಮ ಬಚ್ಚಲಿನ ಬಕೆಟ್, ಜಗ್ ಕೂಡ ಹಾಗೇ. ಕಾಯಿಲೆಯವರು ಹಿಡಿದ ಜಗ್ಗನ್ನೇ ಎಲ್ಲರೂ ಹಿಡಿಯುತ್ತೇವೆ. ಅದನ್ನು ತೊಳೆಯಬೇಕು ಅಂತ ಯಾರಿಗೂ ಹೊಳೆಯುವುದೇ ಇಲ್ಲ. ನಲ್ಲಿ, ಚಿಲಕ, ಸ್ವಿಚ್, ಮೊಬೈಲ್ ಕೂಡ ಮರೆಯಬೇಡಿ.

ಮೊದಲು ಗ್ಲೌಸ್, ಮಾಸ್ಕ್ ಹಾಕಿಕೊಂಡು ಹಳೆ ಪೇಪರಿನಲ್ಲಿ ವಾಂತಿ ಬಾಚಿ, ಕವರಿಗೆ ಹಾಕಿ ಕಟ್ಟಿ ಎಸೆಯಿರಿ. ಆಮೇಲೆ ಸೋಪು ನೀರಲ್ಲಿ ತೊಳೆಯಿರಿ. ಕೊಳೆ ಉಳಿದರೆ ಬ್ಲೀಚಿಂಗ್ ಪೌಡರಿನ ಶಕ್ತಿ ಅದರ ಮೇಲೇ ಖರ್ಚಾಗಿಬಿಡುತ್ತದೆ. ಕೊನೆಗೆ ಒಂದು ಲೀಟರ್ ನೀರಿಗೆ ಎರಡು ಟೀ ಚಮಚ ಬ್ಲೀಚಿಂಗ್ ಪೌಡರ್ ಕಲಸಿ, ತಳ ಕೂತ ಮೇಲೆ ತಿಳಿ ನೀರನ್ನು ಸುತ್ತಲಿನ ಜಾಗಕ್ಕೂ ಸೇರಿಸಿ ಹಾಕಿ. ಹತ್ತು ನಿಮಿಷ ಒದ್ದೆಯಾಗಿರಲು ಬಿಡಿ. ಸುಮ್ನೆ ಹಾಕಿ ತಕ್ಷಣ ಒರೆಸಿದರೆ ಪ್ರಯೋಜನ ಇಲ್ಲ. ರೆಡ್ ಆಕ್ಸೈಡ್ ನೆಲವಾದರೆ ಬಣ್ಣ ಮಾಸಬಹುದು, ಆಮೇಲೆ ನೀರು ಹಾಕಿ ತೊಳೆದುಬಿಡಿ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಬಾಯಿ ತೆರೆದಿಟ್ಟ ಪೌಡರ್ ಬೇಗ ಸತ್ವ ಕಳೆದುಕೊಳ್ಳುತ್ತದೆ. ಕ್ಲೋರಿನ್ ವಾಸನೆಯೇ ಬಾರದಿದ್ದರೆ ಹೊಸ ಪ್ಯಾಕೆಟ್ ತನ್ನಿ. ಕಿಟಕಿ ತೆರೆದಿಡಿ. ಆ್ಯಸಿಡ್ ಅಥವಾ ಟಾಯ್ಲೆಟ್ ಕ್ಲೀನರ್ ಜೊತೆ ಮಾತ್ರ ಖಂಡಿತ ಬೆರೆಸಬೇಡಿ, ವಿಷಗಾಳಿ ಏಳುತ್ತದೆ.

ಬೆಡ್‌ಶೀಟ್ ಕೊಡವಬೇಡಿ. ಹಂಡೆಯ ಸ್ನಾನದ ಬಿಸಿನೀರಿಗೆಲ್ಲ ಈ ವೈರಸ್ ಜಗ್ಗುವುದಿಲ್ಲ. ಬಟ್ಟೆ ತಡೆಯುವಂಥದ್ದಾದರೆ ಕುದಿಸಿಯೇ ಒಗೆಯಿರಿ. ಕೈಗಂತೂ ಸೋಪು ಹಚ್ಚಿ 20 ಸೆಕೆಂಡ್ ಉಜ್ಜಿ, ಹರಿಯುವ ನೀರಲ್ಲಿ ತೊಳೆಯಬೇಕು.

ವಾಂತಿ ನಿಂತ ಮೇಲೂ ಮಲದಲ್ಲಿ ವೈರಸ್ ಎರಡು ವಾರವೋ ಅದಕ್ಕೂ ಜಾಸ್ತಿಯೋ ಬರುತ್ತಿರುತ್ತದೆ. ಹಾಗಾಗಿ ಹುಷಾರಾದ ಮೇಲೂ ಕನಿಷ್ಠ ಎರಡು ದಿನ ನೀವಾಗಲಿ ಅತ್ತೆಯಾಗಲಿ ಅಡುಗೆ ಮಾಡಬೇಡಿ. ಮಗನನ್ನೂ ಎರಡು ದಿನ ಸ್ಕೂಲಿಗೆ ಕಳಿಸಬೇಡಿ. ಕೂಸುಗಳಿಗೆ 6, 10, 14ನೇ ವಾರದಲ್ಲಿ ಹಾಕುವ ಭೇದಿಯ ಲಸಿಕೆ ರೋಟಾವೈರಸ್ ಎಂಬ ಬೇರೆ ವೈರಸ್‌ಗೆ, ನೊರೊಗಲ್ಲ.

ಅತ್ತೆಯ ಬಗ್ಗೆ ನನಗೆ ಹೆಚ್ಚು ಚಿಂತೆ. ಒಂದು ಲೀಟರಿನ ಓಆರ್‌ಎಸ್ ಪ್ಯಾಕೆಟ್ ತಂದು, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಪೂರ್ತಿ ಕಲಸಿ. ಗುಟುಕು ಗುಟುಕಾಗಿ ಕುಡಿಸುತ್ತಿರಿ. ಮೂತ್ರ ಕಡಿಮೆಯಾದರೆ, ನಿಂತಾಗ ತಲೆ ಸುತ್ತಿದರೆ, ಮಲದಲ್ಲಿ ರಕ್ತ ಕಂಡರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅವರಿಗೆ ಬಿಪಿ, ಶುಗರ್ ಮಾತ್ರೆ ಇದ್ದರೆ ಈಗಲೇ ಡಾಕ್ಟರಿಗೆ ಒಂದು ಫೋನ್ ಮಾಡಿ ಕೇಳಿ.