ಡಿ-ಎಸ್ ಮೇಸಾನ್‌ನಿಂದ ಮೂರು ಪಯಾನ್ ಹೇಗೆ?

ಕ್ವಾರ್ಕ್ ಎಂಬ ಮೂಲಕಣವೂ ಒಂದು ಆಂಟಿಕ್ವಾರ್ಕ್ (ಕ್ವಾರ್ಕ್‌ನ ಪ್ರತಿಕಣ) ಕೂಡ ಸೇರಿದ ಕಣವೇ ಮೇಸಾನ್. ಡಿ-ಎಸ್ ಪ್ಲಸ್ ಎಂಬ ಮೇಸಾನ್‌ನಲ್ಲಿ ಇರುವುದು ಚಾರ್ಮ್ ಕ್ವಾರ್ಕ್ ಮತ್ತು ಸ್ಟ್ರೇಂಜ್ ಆಂಟಿಕ್ವಾರ್ಕ್, ಹಾಗಿದ್ದರೆ ಅದು ಒಡೆದಾಗ ಸ್ಟ್ರೇಂಜ್ ಇಲ್ಲದ ಪಯಾನ್‌ಗಳು (ಅತಿ ಹಗುರ ಮೇಸಾನ್‌ಗಳು) ಹೇಗೆ ಬರುತ್ತವೆ ಅಂತ ಕೇಳಿದ್ದೀರಿ.

ಚಾರ್ಮ್ ಕ್ವಾರ್ಕ್ ಸ್ಟ್ರೇಂಜ್ ಆಗುವಾಗ ಹೊರಬೀಳುವ ಡಬ್ಲ್ಯೂ ಬೋಸಾನ್ (ದುರ್ಬಲ ಬಲದ ವಾಹಕ ಕಣ) ಒಂದು ಪಯಾನ್ ಕೊಡುತ್ತದೆ. ಉಳಿಯುವುದು ಸ್ಟ್ರೇಂಜ್-ಆಂಟಿಸ್ಟ್ರೇಂಜ್ ಜೋಡಿ. ಅದು ಎಫ್-ಝೀರೋ 980 ಎಂಬ ಕ್ಷಣಿಕ ಕಣದ ಮೂಲಕ ಎರಡು ಪಯಾನ್ ಆಗುತ್ತದೆ. ಡಾಲಿಟ್ಜ್ ಪ್ಲಾಟ್ ನೋಡಿ, ಅಂದರೆ ಹುಟ್ಟಿದ ಮೂರು ಕಣಗಳನ್ನು ಜೋಡಿಜೋಡಿಯಾಗಿ ತೂಗಿ, ಪ್ರತಿ ಒಡೆತಕ್ಕೂ ಒಂದು ಚುಕ್ಕಿ ಇಡುವ ನಕ್ಷೆ. ಪಯಾನ್ ಜೋಡಿಯ ದ್ರವ್ಯರಾಶಿ 980 ಎಂಇವಿ (ಕಣಗಳ ದ್ರವ್ಯರಾಶಿ ಹೇಳಲು ಬಳಸುವ ಶಕ್ತಿಯ ಮಾನ) ಇರುವ ಕಡೆ ಚುಕ್ಕಿಗಳು ಪಟ್ಟಿಯಂತೆ ಗುಂಪುಗೂಡಿರುತ್ತವೆ. ಎರಡು ಪಯಾನ್ ಆಗುವ ಇನ್ನೊಂದು ಕ್ಷಣಿಕ ಕಣವಾದ ರೋನ ಪಟ್ಟಿ ತೀರಾ ಮಸುಕು, ಯಾಕಂದ್ರೆ ರೋನಲ್ಲಿ ಸ್ಟ್ರೇಂಜ್ ಇಲ್ಲ. ಅಮೆರಿಕದ ಕಣಭೌತ ಪ್ರಯೋಗಾಲಯ ಫರ್ಮಿಲ್ಯಾಬ್‌ನ ಇ791 ಪ್ರಯೋಗದ ತಂಡ 2001ರಲ್ಲಿ ತೋರಿಸಿದ್ದು ಇದನ್ನೇ.

ಎರಡು ಕೇಯಾನ್‌ಗಳ (ಸ್ಟ್ರೇಂಜ್ ಇರುವ ಹಗುರ ಮೇಸಾನ್) ದ್ರವ್ಯರಾಶಿ ಸೇರಿದರೆ ಸುಮಾರು 987 ಎಂಇವಿ. 980 ಅದರ ಪಕ್ಕದಲ್ಲೇ ಇದೆ ಅಲ್ವಾ? ಅದಕ್ಕೇ ಎಫ್-ಝೀರೋ 980 ಅನ್ನು ಕೇಯಾನ್ ಜೋಡಿಯ ಅಣುವಿನಂತೆ ನೋಡುವ ಲೆಕ್ಕ ನನಗೆ ಜಾಸ್ತಿ ಒಪ್ಪಿಗೆ. ಅದರಲ್ಲಿ ಮೊದಲು ಕೇಯಾನ್‌ಗಳು ಹುಟ್ಟುತ್ತವೆ, ಆಮೇಲೆ ಒಂದಕ್ಕೊಂದು ಡಿಕ್ಕಿಯಾಗಿ ಪಯಾನ್‌ಗಳಾಗುತ್ತವೆ.