ಸ್ಕ್ರೀನ್ ಮೇಲಿನ ಗೀರಿಗೆ ಟೂತ್‌ಪೇಸ್ಟ್ ಮದ್ದಲ್ಲ

ಪ್ರಶ್ನೆ: ಇಳಕಲ್‌ನ್ಯಾಗ ನಮ್ಮದು ಗ್ರಾನೈಟ್ ಪಾಲಿಶ್ ಮಾಡೋ ಘಟಕ ಐತ್ರಿ. ಬಿಲ್ ಹಾಕೋ ಲ್ಯಾಪ್‌ಟಾಪಿನ ಸ್ಕ್ರೀನ್ ದಿನಾ ಒರೆಸಿದ್ರೂ ತುಂಬ ಗೀರು ಬಿದ್ದಾವ. ಟೂತ್‌ಪೇಸ್ಟ್ ಹಚ್ಚಿ ತಿಕ್ಕಿದ್ರ ಹೋಗ್ತಾವಂತ, ಖರೇನ್ರಿ?

ಉತ್ತರ: ಖರೆ ಅಲ್ಲ. ಹೊಳಪಿಲ್ಲದ ಮ್ಯಾಟ್ ಸ್ಕ್ರೀನಿನ ಮೇಲ್ಪದರ ಗಾಜಲ್ಲ, ಪೋಲರೈಸರ್ ಎಂಬ ಪ್ಲಾಸ್ಟಿಕ್ ಹಾಳೆ. ಎದುರಿನ ಬೆಳಕು ಕಣ್ಣಿಗೆ ಹೊಡೆಯದಿರಲೆಂದು ಅದರ ಮೈಯನ್ನು ಬೇಕೆಂದೇ ತುಸು ಒರಟಾಗಿ ಬಿಟ್ಟಿರುತ್ತಾರೆ. ಟೂತ್‌ಪೇಸ್ಟಿನಲ್ಲಿರುವ ಉಜ್ಜುಪುಡಿ ಗೀರನ್ನು ತುಂಬುವುದಿಲ್ಲ, ಸುತ್ತಲಿನ ಒರಟನ್ನು ಸವೆಸುತ್ತದೆ. ಒರಟು ಚಪ್ಪಡಿಯ ನಡುವೆ ಒಂದು ಗೇಣಷ್ಟೇ ಪಾಲಿಶ್ ಹೊಡೆದರೆ ಹೇಗೆ ಕಾಣುತ್ತದೆಂದು ನಿಮಗೆ ಬೇರೆ ಹೇಳಬೇಕಿಲ್ಲ. ಕೂದಲೆಳೆಯಂಥ ಗೀರು ಇದ್ದಲ್ಲಿ ರೂಪಾಯಿಯಗಲದ ಹೊಳೆಯುವ ಕಲೆ ಉಳಿಯುತ್ತದೆ.

ನಿಮ್ಮಲ್ಲಿ ಗೀರು ಬೀಳಲು ಕಾರಣ ಬಹುಶಃ ಆ ದಿನನಿತ್ಯದ ಒರೆಸುವಿಕೆಯೇ. ಗ್ರಾನೈಟ್ ದೂಳಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ಮೋಸ್ ಮಾಪಕದಲ್ಲಿ ಬೆಣಚಿನ ಗಡಸುತನ 7, ಸಾಮಾನ್ಯ ಗಾಜಿನದು ಸುಮಾರು 5.5. ಪ್ಲಾಸ್ಟಿಕ್ ಇನ್ನೂ ಎಷ್ಟೋ ಮೆತ್ತಗೆ. ಒಣ ಬಟ್ಟೆಯಿಂದ ಒರೆಸಿದರೆ ಉಸುಕಿನ ಕಾಗದ ತಿಕ್ಕಿದಂತೆಯೇ.

ಮೊದಲು ಲ್ಯಾಪ್‌ಟಾಪ್ ಆಫ್ ಮಾಡಿ, ಚಾರ್ಜರ್ ತೆಗೆದು, ಸ್ಕ್ರೀನ್ ತಣ್ಣಗಾಗಲು ಬಿಡಿ. ಕ್ಯಾಮೆರಾಕ್ಕೆ ಬಳಸುವ ರಬ್ಬರ್ ಬ್ಲೋವರ್‌ನಿಂದ ಮೇಲಿನಿಂದ ಕೆಳಗೆ ಗಾಳಿ ಹೊಡೆಯಿರಿ. ಬಾಯಿಂದ ಊದಿದರೆ ಉಗುಳಿನ ಹನಿ ಬೀಳುತ್ತದೆ. ಘಟಕದ ಕಂಪ್ರೆಸರ್ ಗಾಳಿಯಂತೂ ಬೇಡವೇ ಬೇಡ, ಅದರಲ್ಲಿ ಎಣ್ಣೆಯೂ ನೀರೂ ಬರುತ್ತವೆ. ದೂಳು ಹಾರಿದ ಮೇಲೆ ಮೈಕ್ರೋಫೈಬರ್ ಬಟ್ಟೆಯ ಮೂಲೆಯನ್ನು ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿ, ಹನಿ ತೊಟ್ಟಿಕ್ಕದಂತೆ ಹಿಂಡಿ, ಒಂದೇ ದಿಕ್ಕಿಗೆ ಹಗುರವಾಗಿ ಎಳೆಯಿರಿ. ಪ್ರತಿ ಸಲವೂ ಬಟ್ಟೆಯ ಹೊಸ ಮಡಿಕೆ ಬಳಸಿ. ಇನ್ವರ್ಟರ್ ಬ್ಯಾಟರಿ ಮಾರುವ ಅಂಗಡಿಯಲ್ಲಿ ಈ ನೀರು ಸಿಗುತ್ತದೆ. ಆ್ಯಸಿಡ್ ಕ್ಯಾನ್ ಅಲ್ಲವೆಂದು ಲೇಬಲ್ ಓದಿ ಕೊಳ್ಳಿ. ಬೋರಿನ ಗಡಸು ನೀರು ಆರಿದರೆ ಬಿಳಿ ಕಲೆ ಕೂರುತ್ತದೆ. ಸ್ಕ್ರೀನಿಗೇ ಸ್ಪ್ರೇ ಮಾಡಬೇಡಿ: ನೀರು ಕೆಳಗಿನ ಅಂಚಿಗೆ ಇಳಿದು ಪ್ಯಾನೆಲ್ಲಿನ (ಚಿತ್ರ ಮೂಡಿಸುವ ಫಲಕದ) ಸರ್ಕಿಟ್ ಸೇರಿದರೆ ಉದ್ದುದ್ದ ಗೆರೆ ಮೂಡುತ್ತವೆ.

ಈಗ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಗೀರೆಂದು ತಿಳಿದದ್ದರಲ್ಲಿ ಕೆಲವು ಬರೀ ಜಿಡ್ಡಾಗಿದ್ದು ಈಗಾಗಲೇ ಹೋಗಿರುತ್ತವೆ. ಉಳಿದದ್ದರ ಮೇಲೆ ಉಗುರನ್ನು ಮೆಲ್ಲಗೆ ಎಳೆದಾಗ ತಡೆಯದಿದ್ದರೆ ಅದನ್ನು ಹಾಗೇ ಬಿಡಿ, ಸ್ಕ್ರೀನ್ ಆನ್ ಆಗಿದ್ದಾಗ ಅದು ಅಷ್ಟಾಗಿ ಕಾಣದು. ಉಗುರು ಸಿಕ್ಕುವಷ್ಟು ಆಳವಿದ್ದರೆ ಸಾಸಿವೆ ಕಾಳಿನಷ್ಟು ವ್ಯಾಸಲೀನ್ ಸವರಿ ಒರೆಸುವ ಉಪಾಯವೊಂದಿದೆ. ಗೀರಿನ ಸಂದಿ ತುಂಬಿ ಬೆಳಕು ಚದುರುವುದು ನಿಲ್ಲುತ್ತದೆ, ಆದರೆ ಕೆಲವೇ ದಿನ. ಜಿಡ್ಡಿಗೆ ದೂಳು ಮೆತ್ತುವುದರಿಂದ ನಿಮ್ಮ ಜಾಗಕ್ಕೆ ನಾನು ಅದನ್ನು ಹೇಳಲಾರೆ.

ಅಕ್ಷರ ಓದಲೂ ತೊಂದರೆಯಾಗುತ್ತಿದ್ದರೆ ಪ್ಯಾನೆಲ್ ಬದಲಿಸುವುದೇ ದಾರಿ. ಲ್ಯಾಪ್‌ಟಾಪಿನ ಮಾದರಿ ಸಂಖ್ಯೆ ನೆಚ್ಚಬೇಡಿ, ಒಂದೇ ಮಾದರಿಗೆ ಎರಡು ಮೂರು ಬಗೆಯ ಪ್ಯಾನೆಲ್ ಬಂದಿರುತ್ತವೆ. ಹಳೆಯದನ್ನು ಬಿಚ್ಚಿಸಿ ಬೆನ್ನಿನ ಲೇಬಲ್ ಓದಿಸಿ. ಅಳತೆ (15.6 ಇಂಚು ಇತ್ಯಾದಿ), ರೆಸಲ್ಯೂಶನ್ (1366×768 ಅಥವಾ 1920×1080), ಕನೆಕ್ಟರ್ 30 ಪಿನ್ನೋ 40 ಪಿನ್ನೋ, ಪಕ್ಕದಲ್ಲಿ ಸ್ಕ್ರೂ ಪಟ್ಟಿ ಇದೆಯೋ ಇಲ್ಲವೋ, ನಾಲ್ಕೂ ಹೊಂದಬೇಕು. ಕೇಬಲ್ ಮುಟ್ಟುವ ಮೊದಲು ಬ್ಯಾಟರಿ ಕಳಚಲೇಬೇಕು. ಕರೆಂಟಿದ್ದಾಗ ಕನೆಕ್ಟರ್ ಓರೆಯಾಗಿ ಕೂತರೆ ಬ್ಯಾಕ್‌ಲೈಟಿನ (ಸ್ಕ್ರೀನಿಗೆ ಹಿಂದಿನಿಂದ ಬೆಳಕು ಕೊಡುವ ದೀಪದ) ಫ್ಯೂಸ್ ಸುಡಬಹುದು. ಅಂಟುಪಟ್ಟಿ ಹಚ್ಚುವ ಮುಂಚೆಯೇ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ತೆರೆ ತೋರಿಸಿ ಚುಕ್ಕೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ.

ಪ್ರಶ್ನೆ: ನನ್ನ ಸ್ಕ್ರೀನ್ ಮೇಲೆ ಕೀಬೋರ್ಡಿನ ಗುಂಡಿಗಳಂತೆಯೇ ಚೌಕದ ಗುರುತು ಮೂಡಿವೆ. ಯಾಕೆ? (ವಿದ್ಯಾರ್ಥಿನಿ, ವಿಜಯಪುರ)

ಉತ್ತರ: ಗುಂಡಿಗಳ ಮೇಲಿನ ಬೆರಳಿನ ಜಿಡ್ಡು ಮುಚ್ಚಿದ ಸ್ಕ್ರೀನಿಗೆ ಒತ್ತಿಕೊಂಡಿದೆ. ಪುಸ್ತಕ ತುರುಕಿದ ಬ್ಯಾಗಿನಲ್ಲಿ ಮುಚ್ಚಳ ತುಸು ಬಾಗಿ ಗುಂಡಿಗಳಿಗೆ ತಾಗುತ್ತದೆ. ಕೀಬೋರ್ಡಿಗೆ ಸಿಲಿಕೋನ್ ಹೊದಿಕೆ ಹಾಕಿದ್ದರೆ ಒತ್ತಡ ಇನ್ನೂ ಹೆಚ್ಚು, ಮುಚ್ಚುವಾಗ ಅದನ್ನು ತೆಗೆದಿಡಿ. ಮೇಲೆ ಹೇಳಿದಂತೆಯೇ ಒರೆಸಿ. ಗುಂಡಿಗಳನ್ನೂ ಒರೆಸಿ, ಇಲ್ಲವಾದರೆ ನಾಳೆ ಮತ್ತೆ ಮೂಡುತ್ತವೆ. ಎರಡು ಸಲ ಒರೆಸಿದರೂ ಹೋಗದ ಚೌಕವಿದ್ದರೆ ಅಲ್ಲಿ ಮೇಲ್ಪದರವೇ ಸವೆದಿದೆ.